ಹಾನಗಲ್ಲಿನ ನೇಮ

ಹೋದ ತಿಂಗಳು ಹಿರೇಕೆರೂರಿನಲ್ಲಿ ನನ್ನ ತಂಗಿಯ ಮಗಳ ಮದುವೆ. ಅಕ್ಷತೆ ಬಿದ್ದು, ಊಟವಾಗಿ, ಗಂಡಸರೆಲ್ಲ ಕಂಡಕಂಡಲ್ಲಿ ಅಡ್ಡಾದ ಮೇಲೆ ಹಿತ್ತಲ ಚಪ್ಪರದಲ್ಲಿ ನಾಲ್ವರು ಹೆಣ್ಣುಮಕ್ಕಳು ಇಸ್ಪೀಟಿನ ಎಲೆ ಹಾಕಿಕೊಂಡು ಕುಳಿತರು. ನಾನು ಅಲ್ಲೇ ಗೋಡೆಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದೆ. ಎರಡನೆಯ ಆಟಕ್ಕೇ ಜಗಳ ಹತ್ತಿತು. "ಹುಕುಂ ಮುಚ್ಚಿ ಇಡಬೇಕು" ಎಂದು ಒಬ್ಬಳು, "ಅದೆಲ್ಲೀ ನೇಮ, ತಾಯಿ? ನಮ್ಮಲ್ಲೆ ಹಂಗಿಲ್ಲ" ಎಂದು ಇನ್ನೊಬ್ಬಳು. 'ನಮ್ಮಲ್ಲೆ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸವಣೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಗ್ರಾಮಸೇವಿಕೆಯಾಗಿ ಕಳೆದ ಮೊದಲ ವರ್ಷ ಕಣ್ಣಮುಂದೆ ಬಂದು ನಿಂತಿತು.

ಆಗ ನನಗೆ ಇಪ್ಪತ್ತೆರಡು. ರಾಜ್ಯ ಒಂದಾಗಿ ಎರಡು ವರ್ಷವೂ ತುಂಬಿರಲಿಲ್ಲ. ತರಬೇತಿ ಮುಗಿಸಿದ ಕೂಡಲೇ ಶಿಗ್ಗಾಂವಿಯ ಕಚೇರಿಯಲ್ಲಿ ಹಾಜರಿ ಹಾಕಿಸಿ, ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ ಕೊಟ್ಟು ನನ್ನನ್ನು ಆ ಹಳ್ಳಿಗೆ ಕಳಿಸಿದ್ದರು. ಹೆಂಗಸರನ್ನು ಕೂಡಿಸಿ ಮಹಿಳಾ ಮಂಡಳ ಕಟ್ಟಬೇಕು, ಹೊಗೆಯಿಲ್ಲದ ಒಲೆ ಹಾಕಿಸಬೇಕು, ಹೊಲಿಗೆ ಕಲಿಸಬೇಕು, ಸಾಧ್ಯವಾದರೆ ನಾಲ್ಕು ಅಕ್ಷರವನ್ನೂ ಕಲಿಸಬೇಕು. ಊರು ನನ್ನನ್ನು 'ಅಕ್ಕಾರು' ಎಂದು ಕರೆಯಿತು, ಶಾಲೆಯ ಹಿಂದಿನ ಕೋಣೆ ಕೊಟ್ಟಿತು, ರೊಟ್ಟಿ ಬುತ್ತಿ ಕೊಟ್ಟಿತು. ಮಂಡಳಕ್ಕೆ ಮಾತ್ರ ಒಂದು ನರಪಿಳ್ಳೆಯೂ ಬರಲಿಲ್ಲ.

ಜೋಳದ ಸುಗ್ಗಿ ಆಗಷ್ಟೇ ಮುಗಿದಿತ್ತು. ಸೋಮವಾರ ಆ ಸೀಮೆಯಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಹೊಲದ ಕೆಲಸಕ್ಕೆ ಬಿಡುವು. ಆ ದಿನವಾದರೂ ಬಂದಾರು ಎಂದು ಶಾಲೆಯ ಕಟ್ಟೆಯ ಮೇಲೆ ಯಂತ್ರ ಇಟ್ಟುಕೊಂಡು ಕಾಯ್ದೆ. ಮಧ್ಯಾಹ್ನ ಹೆಂಗಸರು ಒಬ್ಬೊಬ್ಬರಾಗಿ ಮೊರದಲ್ಲಿ ತೊಗರಿಬೇಳೆ ಹಿಡಿದುಕೊಂಡು ನನ್ನ ಮುಂದೆಯೇ ಹಾದು ಗೌಡರ ಮನೆಯ ಕಡೆ ಹೋದರು. ಮೂರು ಸೋಮವಾರ ಹೀಗೇ ಆಯಿತು. ಅದೇನು ಮುಗಿಯದ ಬೇಳೆ ಎಂದು ಕುತೂಹಲ ತಡೆಯಲಾರದೆ ನಾಲ್ಕನೆಯ ಸೋಮವಾರ ನಾನೂ ಹಿಂದೆಯೇ ಹೋದೆ.

ಗೌಡರ ಮನೆಯ ಹಿಂದಿನ ಪಡಸಾಲೆಯಲ್ಲಿ ಒಂದು ಕೌದಿ ಹಾಸಿತ್ತು. ನನ್ನನ್ನು ಕಂಡದ್ದೇ ಎಲ್ಲರ ಕೈಗಳೂ ಬೇಳೆಯ ಮೊರಕ್ಕೆ ಹೋದವು. ಒಬ್ಬಳ ಮೊರದೊಳಗೆ ಬೇಳೆಯ ನಡುವಿಂದ ಒಬ್ಬ ರಾಜ ಇಣುಕಿ ನೋಡುತ್ತಿದ್ದ.

"ಅಕ್ಕಾರ, ಬಂದದ್ದ ಬಂದೀರಿ, ಕುಂದರ್ರಿ" ಎಂದಳು ನಡುವೆ ಕುಳಿತಿದ್ದ ಹಿರಿಯಳು. "ನಮ್ಮಾಕಿ ಒಬ್ಬಾಕಿ ಬಾಣಂತನಕ್ಕ ತವರಿಗೆ ಹೋಗ್ಯಾಳ. ನಾಕನೇದಾಕಿಲ್ಲದ ಆಟ ಕುಂಟಾಕತ್ತೈತಿ."

ಅವಳು ಬಸಲಿಂಗವ್ವ, ಗೌಡರ ತಾಯಿ, ಊರಿಗೆಲ್ಲ ಗೌಡಸಾನಿ. ಅರವತ್ತು ದಾಟಿದ ಎತ್ತರದ ಹೆಂಗಸು. ಸೊಂಟದಲ್ಲಿ ಮನೆಯ ಬೀಗದ ಕೈಗಳ ಗೊಂಚಲು. ತವರು ಸವಣೂರು. ಅವಳ ಎದುರಿಗೆ ಕುಳಿತವಳು ಸೊಸೆ ನೀಲವ್ವ, ಹಾನಗಲ್ಲಿನ ಹುಡುಗಿ, ಮದುವೆಯಾಗಿ ಮೂರು ವರ್ಷ, ಮಾತೇ ಇಲ್ಲ. ಮೂರನೆಯವಳು ನೆರೆಮನೆಯ ಶಂಕ್ರವ್ವ, ಶಿಗ್ಗಾಂವಿಯವಳು. ನೀಲವ್ವನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಸುತ್ತ ಕುಳಿತ ಉಳಿದವರು ಬರೀ ನೋಡುವವರು.

ನಮ್ಮ ಮನೆಯಲ್ಲಿ ಎಲೆ ಆಟ ಗಂಡಸರದು. ಅಣ್ಣಂದಿರು ಆಡುವಾಗ ಹತ್ತಿರ ಹೋದರೆ "ಒಳಗ ನಡಿ" ಎನ್ನುತ್ತಿದ್ದರು. ಹೀಗಾಗಿ ನನಗೆ ಒಂದಕ್ಷರವೂ ಗೊತ್ತಿರಲಿಲ್ಲ. ಗೌಡಸಾನಿ ಮೊದಲಿಂದ ಕಲಿಸಿದಳು. ಇಸ್ಪೀಟು, ಕಿಲಾವರ್ ಕರಿಯವು. ಬದಾಮ, ಚೌಕಟ್ ಕೆಂಪಿನವು. ತಲೆಗೆ ಹದಿಮೂರು ಎಲೆ. ಎದುರುಬದುರು ಕುಳಿತವರು ಒಂದು ಕಡೆ. ಮೊದಲಿನವಳು ಯಾವ ಜಾತಿಯ ಎಲೆ ಇಳಿಸಿದಳೋ ಉಳಿದವರೂ ಅದೇ ಜಾತಿಯದನ್ನು ಇಳಿಸಬೇಕು. ದೊಡ್ಡ ಎಲೆ ಹಾಕಿದವಳಿಗೆ ನಾಲ್ಕೂ ಎಲೆ, ಅದು ಒಂದು ಕೈ. ಕೈಯಲ್ಲಿ ಆ ಜಾತಿ ಮುಗಿದಿದ್ದರೆ ಮಾತ್ರ, ಆ ಆಟಕ್ಕೆ ಹುಕುಂ ಎಂದು ಗೊತ್ತುಮಾಡಿದ ಜಾತಿಯ ಎಲೆಯಿಂದ ಕಡಿಯಬಹುದು. ಹುಕುಮಿನ ದುಗ್ಗಿಯೂ ಉಳಿದ ಜಾತಿಗಳ ಎಕ್ಕವನ್ನು ಹೊಡೆಯುತ್ತದೆ.

"ಆದ್ರ ಬರೇ ಕೈ ಎಣಸೂದಲ್ಲ" ಎಂದಳು. "ನಾಕು ಹತ್ತು ಅದಾವಲ್ಲ, ಅವು ಮೆಂಡಿ. ಮೂರು ಮೆಂಡಿ ಹಿಡದವರು ಗೆದ್ದಂಗ, ನಾಕೂ ಹಿಡದ್ರ ಕೋಟ್. ರಾಜಾ ರಾಣಿ ಬರೇ ಡೌಲು, ಅಕ್ಕಾರ. ಬೆಲಿ ಇರೂದು ಹತ್ತಕ್ಕ."

ಮೊದಲ ದಿನ ನಾನು ಮೂರು ಮೆಂಡಿ ಕಳೆದೆ. ಎರಡನೆಯ ಸೋಮವಾರ ನನಗೆ ಆಟಕ್ಕಿಂತ ಆಟದ ಜಗಳವೇ ರುಚಿಸತೊಡಗಿತು. ಗೌಡಸಾನಿಯ ಸವಣೂರಿನ ಪದ್ಧತಿಯಲ್ಲಿ ಎಲೆ ಹಂಚಿದವಳ ಬಲಗಡೆಯವಳು ಒಂದು ಎಲೆ ಬೋರಲು ಹಾಕಿ ಇಡುತ್ತಾಳೆ, ಅದೇ ಹುಕುಂ. ಯಾರಿಗೋ ಜಾತಿ ಮುಗಿದು "ಹುಕುಂ ತೆಗೀರಿ" ಎನ್ನುವವರೆಗೆ ಅದು ಏನೆಂದು ಇಟ್ಟವಳಿಗಷ್ಟೇ ಗೊತ್ತು. ಶಂಕ್ರವ್ವನ ಶಿಗ್ಗಾಂವಿಯಲ್ಲಿ ಹಾಗಲ್ಲ. ಮೊದಲು ಐದೈದು ಎಲೆ ಹಂಚಿ, ಆ ಐದನ್ನು ನೋಡಿಯೇ ಬಾಯಿಬಿಟ್ಟು ಹುಕುಂ ಹೇಳಬೇಕು. "ನಮ್ಮೂರ ಮಂದಿಗೆ ಮುಚ್ಚಿಡೂದು ಗೊತ್ತಿಲ್ರಿ" ಎಂದು ಅವಳು ನಕ್ಕಳು.

"ನಿಮ್ಮ ಹಾನಗಲ್ಲಾಗ ಹೆಂಗ?" ಎಂದು ನಾನು ನೀಲವ್ವನನ್ನು ಕೇಳಿದೆ. ಅವಳು ಅತ್ತೆಯ ಮುಖ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ನಮ್ಮಲ್ಲೆ ಹುಕುಂ ಯಾರೂ ಇಡೂದಿಲ್ರಿ. ಮೊದಲ ಯಾರಿಗೆ ಜಾತಿ ಮುಗೀತೈತಿ, ಅವರು ಹಾಕಿದ್ದ ಹುಕುಂ" ಎಂದಳು. ಸ್ವಲ್ಪ ತಡೆದು, "ಮತ್ತ, ಎಲಿ ಬಿದ್ದ ಕೂಡ್ಲೆ ಅದರ ಹೆಸರ ಹೇಳಬೇಕ್ರಿ. ಅದು ನಮ್ಮ ಹಾನಗಲ್ಲಿನ ನೇಮ" ಎಂದು ಸೇರಿಸಿದಳು.

ಅದು ನಿಜವೂ ಆಗಿತ್ತು. ಯಾರು ಎಲೆ ಇಳಿಸಿದರೂ ನೀಲವ್ವ ಗುನುಗುತ್ತಿದ್ದಳು: "ಬದಾಮಿನ ಎಂಟು... ಅಕ್ಕಾರದು ಬದಾಮಿನ ಗುಲಾಮ... ಶಂಕ್ರಕ್ಕಂದು ಎಕ್ಕ." ಮೊದಲು ಅದು ನನಗೆ ಕಿರಿಕಿರಿಯಾಗಿತ್ತು. ಊರಿನ ನೇಮ ಎಂದು ತಿಳಿದ ಮೇಲೆ ಇಷ್ಟವಾಯಿತು. ಅಂದು ಕೋಣೆಗೆ ಬಂದು, ಒಲೆಗಳ ಲೆಕ್ಕ ಬರೆಯಲೆಂದು ಕೊಟ್ಟಿದ್ದ ವಹಿಯ ಕೊನೆಯ ಪುಟದಲ್ಲಿ ಮೂರೂ ಊರಿನ ನೇಮಗಳನ್ನು ಬರೆದೆ. ಹಿರೇಕೆರೂರು ಎಂದು ಬರೆದು ಮುಂದೆ ಖಾಲಿ ಬಿಟ್ಟೆ. ನನ್ನ ಊರಿನ ನೇಮವೇ ನನಗೆ ಗೊತ್ತಿರಲಿಲ್ಲ.

ಯುಗಾದಿಗೆ ಊರಿಗೆ ಹೋದಾಗ ಅಪ್ಪನನ್ನು ಕೇಳುವ ಧೈರ್ಯವಾಗಲಿಲ್ಲ. ಅವ್ವನ ಜತೆ ಬೇವು ಬಿಡಿಸುತ್ತ ಕುಳಿತಾಗ ಸುಮ್ಮನೆ, "ನಮ್ಮೂರಾಗ ಮೆಂಡಿ ಹೆಂಗ ಆಡ್ತಾರಬೇ? ಅಣ್ಣನ್ನ ಕೇಳಿ ಹೇಳು" ಎಂದೆ. ಅವ್ವ ತಲೆಯೆತ್ತಲಿಲ್ಲ.

"ಅವನ್ನ ಯಾಕ ಕೇಳಬೇಕು? ಸಾಲಾಗಿ ಎರಡು ಕೈ ಹೊಡದ್ರ ಅಷ್ಟ ನಡುವಿನ ಎಲಿ ನಿನ್ನವು. ಒಂದ ಹೊಡದ್ರ ಗುಂಪು ಅಲ್ಲೇ ಇರ್ತೈತಿ, ಬೆಳಕೋಂತ ಹೊಕ್ಕೈತಿ. ಒಮ್ಮೊಮ್ಮೆ ಅದರಾಗ ಮೂರು ಮೆಂಡಿ ಕುಂತಿರ್ತಾವ. ಎದಿ ಡವಡವ ಅಂತಿರತೈತಿ."

ನಾನು ಬೇವು ಬಿಟ್ಟು ಅವಳನ್ನೇ ನೋಡಿದೆ. "ನೀ ಆಡ್ತಿದ್ದೇನಬೇ?"

"ನಾವು ಐದು ಮಂದಿ ಅಕ್ಕತಂಗೇರು. ಇದ ಊರ ಕೆರಿ ಏರಿ ಮ್ಯಾಲ ಅರಿಬಿ ಒಣಗಹಾಕಿ ಆಡ್ತಿದ್ವಿ. ಮದುವ್ಯಾದ ಮ್ಯಾಲ ಈ ಮನ್ಯಾಗ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದು ಅವ್ವನಿಗೆ ಎಲೆ ಆಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಪ್ಪ ಪೇಟೆಗೆ ಹೋದ ಹೊತ್ತಿನಲ್ಲಿ ನಾವಿಬ್ಬರೂ ಅಡುಗೆಮನೆಯಲ್ಲಿ ಕುಳಿತು, ಅಣ್ಣಂದಿರ ಎಲೆ ತಂದು ನಾಲ್ವರ ಪಾಲನ್ನು ಇಬ್ಬರೇ ಹಿಡಿದು ಒಂದಾಟ ಆಡಿದೆವು. ಅವಳು ಎಲೆ ಕಲಸಿದ ರೀತಿಗೆ ನನ್ನ ಅಣ್ಣಂದಿರು ನಾಚಬೇಕು.

ಆ ಬೇಸಿಗೆ ಹೀಗೆ ಸಾಗಿತು. ನಾನು ಆಟಕ್ಕೆ ಕೂಡತೊಡಗಿದ ಮೇಲೆ ಹೆಂಗಸರು ಶಾಲೆಯ ಕಟ್ಟೆಗೂ ಬರತೊಡಗಿದರು. ಹನ್ನೊಂದು ಮನೆಗೆ ಹೊಸ ಒಲೆ ಬಂದವು. ಪ್ರತಿ ಸೋಮವಾರ ಒಂದೊಂದು ಊರಿನ ನೇಮ ಹಿಡಿದು ಆಡುತ್ತಿದ್ದೆವು. ಯಾವ ನೇಮವಾದರೂ ನೀಲವ್ವ ಎಲೆಗಳ ಹೆಸರು ಹೇಳುವುದನ್ನು ಮಾತ್ರ ಬಿಡಲಿಲ್ಲ. ಗೌಡಸಾನಿ ತನ್ನ ಎಲೆಗಳನ್ನು ಹಿಡಿದು ಹೊಸ್ತಿಲ ಬೆಳಕಿಗೆ ಹೋಗಿ, ಮೂಗಿನ ಹತ್ತಿರ ತಂದು, ಒಂದೊಂದಾಗಿ ಜೋಡಿಸಿಕೊಂಡು ಬರುತ್ತಿದ್ದಳು. ಬಿದ್ದ ಎಲೆ ಒಂದೂ ಅವಳ ನೆನಪಿನಿಂದ ತಪ್ಪುತ್ತಿರಲಿಲ್ಲ.

ಶ್ರಾವಣ ಬಂತು. ಪಂಚಮಿಗೆ ನೀಲವ್ವ ತವರಿಗೆ ಹೋದಳು. ಅವಳ ಜಾಗದಲ್ಲಿ ಶಂಕ್ರವ್ವನ ನಾದಿನಿ ಕುಳಿತಳು. ಆ ಸೋಮವಾರ ಬೆಳಗಿನಿಂದ ಜಿಟಿಜಿಟಿ ಮಳೆ. ಪಡಸಾಲೆಯಲ್ಲಿ ಹಗಲೇ ಮಬ್ಬು. ಕಿಲಾವರ್ ಹುಕುಂ. ಶಂಕ್ರವ್ವ ಚೌಕಟಿನ ಎಕ್ಕ ಇಳಿಸಿದಳು, ಅವಳ ಎದುರಿಗಿದ್ದ ನಾನು ನಂಬಿಕೆಯಿಂದ ಚೌಕಟಿನ ಮೆಂಡಿ ಕೊಟ್ಟೆ. ಗೌಡಸಾನಿ ಕಿಲಾವರಿನ ಮೂರು ಹಾಕಿ ಕಡಿದು ಮೆಂಡಿ ಹೊಡೆದುಕೊಂಡಳು. ಎರಡು ಕೈ ಆದ ಮೇಲೆ ಬದಾಮ ಬಂತು. ಗೌಡಸಾನಿ ಒಂದು ಕೆಂಪು ಎಲೆ ಇಳಿಸಿದಳು. ಅದು ಚೌಕಟಿನ ಏಳು.

ಶಂಕ್ರವ್ವ ಎಲೆಯ ಮೇಲೆ ಬೆರಳಿಟ್ಟಳು. "ಗೌಡಸಾನೇರ, ಆಗಳೆ ಚೌಕಟ್ ಇಲ್ಲಂತ ಕಡದ್ರಿ. ಇದು ಎಲ್ಲಿಂದ ಬಂತರಿ?"

"ಏನು?" ಎಂದಳು ಮುದುಕಿ.

"ಇದರಿ. ಮೆಂಡಿ ಹೊಡ್ಯಾಕ ಕೈಯಾಗ ಮುಚ್ಚಿಟ್ಟಿದ್ರೇನು? ಕಳ್ಳಾಟ ಆತಲ್ರಿ ಇದು!"

ಶಂಕ್ರವ್ವ ನಗುತ್ತಲೇ ಹೇಳಿದ್ದು. ಆದರೆ ಗೌಡಸಾನಿಯ ಮುಖದ ರಕ್ತವೇ ಇಂಗಿತು. ಅವಳು ಆ ಎಲೆಯ ಕಡೆ ಬಗ್ಗಿ ನೋಡಿದಳು. ಕೈಯಲ್ಲಿದ್ದ ಎಲೆಗಳನ್ನು ಕೌದಿಯ ಮೇಲೆ ಇಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಮುಂದಿನ ಸೋಮವಾರ ಹಿಂದಿನ ಬಾಗಿಲು ತೆರೆಯಲಿಲ್ಲ. ವಾರದೊಳಗೆ ಬಾವಿಯ ಹತ್ತಿರ ಮಾತು ಹಬ್ಬಿತು: ಗೌಡಸಾನಿ ಎಲೆ ಆಟದಲ್ಲಿ ಕಳ್ಳಿ.

ನನಗೆ ಇದು ಒಗಟಾಯಿತು. ಒಂದು ಮೆಂಡಿಗಾಗಿ ಸುಳ್ಳಾಡುವ ಹೆಂಗಸಲ್ಲ ಅವಳು. ತಪ್ಪಾಗಿದ್ದರೆ ತಪ್ಪಾಯಿತು ಎನ್ನಬಹುದಿತ್ತು. ಯಾಕೆ ಎನ್ನಲಿಲ್ಲ?

ಅದೇ ವಾರ ಕಚೇರಿಯವರು ಊರಿಗೆ ಹಂಚಲು ಮಾವಿನ ಸಸಿ ತರಲೆಂದು ನನ್ನನ್ನು ಹಾನಗಲ್ಲಿಗೆ ಕಳಿಸಿದರು. ಸಸಿಗಳನ್ನು ಚಕ್ಕಡಿಗೆ ಏರಿಸಲು ಹೇಳಿ, ನೀಲವ್ವನ ತವರುಮನೆ ಹುಡುಕಿಕೊಂಡು ಹೋದೆ. ಭತ್ತದ ನಾಟಿ ಮುಗಿಸಿ ಹೆಂಗಸರು ಬಿಡುವಾಗಿದ್ದರು. ಪಂಚಮಿಯ ಉಂಡಿ ಕೊಟ್ಟರು, ಜೋಕಾಲಿ ತೂಗಿದರು, ಕೊನೆಗೆ ಎಲೆಗಳೂ ಬಂದವು. ನೀಲವ್ವನ ಅವ್ವ, ಚಿಕ್ಕವ್ವ, ನೀಲವ್ವ, ನಾನು. ನೀಲವ್ವ ಹೇಳಿದ್ದಂತೆಯೇ ಹುಕುಂ ಯಾರೂ ಇಡಲಿಲ್ಲ. ಮೊದಲು ಕಡಿದದ್ದೇ ಹುಕುಂ. ಆದರೆ ಎಲೆಗಳು ಸದ್ದಿಲ್ಲದೆ ಬಿದ್ದವು, ಸದ್ದಿಲ್ಲದೆ ಎತ್ತಲ್ಪಟ್ಟವು. ನೀಲವ್ವನ ತುಟಿಯೂ ಅಲ್ಲಾಡಲಿಲ್ಲ.

"ಎಲಿ ಹೆಸರ ಹೇಳೂದಿಲ್ಲೇನ್ರಿ?" ಎಂದೆ.

"ಯಾಕ ಹೇಳಬೇಕರಿ?" ಎಂದು ಅವಳ ಅವ್ವ ಬೆರಗಾದಳು. "ಕಣ್ಣಿಲ್ಲೇನ ನಮಗ?" ಎಂದು ಚಿಕ್ಕವ್ವ ನಕ್ಕಳು.

ಆ ನಗುವಿನ ನಡುವೆ ನಾನು ನೀಲವ್ವನನ್ನು ನೋಡಿದೆ. ಅವಳು ತಲೆ ತಗ್ಗಿಸಿ ಕೈಯ ಎಲೆಗಳನ್ನು ಜೋಡಿಸುತ್ತಿದ್ದಳು, ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದಳು. ಹೊಸ್ತಿಲ ಬೆಳಕು, ಮೂಗಿನ ಹತ್ತಿರ ತಂದ ಎಲೆ, ಗೋಡೆ ಹಿಡಿದು ನಡೆದದ್ದು, ಮಳೆಯ ದಿನದ ಆ ಚೌಕಟಿನ ಏಳು, ಎಲ್ಲ ಒಟ್ಟಿಗೇ ನನಗೆ ಅರ್ಥವಾದವು.

ಬೀಳ್ಕೊಡಲು ಊರ ಅಗಸಿಬಾಗಿಲವರೆಗೆ ಬಂದ ನೀಲವ್ವ ತಾನಾಗಿಯೇ ಹೇಳಿದಳು. "ನಾ ಬಂದ ವರ್ಷನ ಗೊತ್ತಾತ್ರಿ. ಅತ್ತಿ ಒಮ್ಮೆ ಸಾರಿಗೆ ಉಪ್ಪಂತ ಸಕ್ಕರಿ ಹಾಕಿದ್ರು. ಕಣ್ಣಾಗ ಪೊರಿ ಬಂದೈತಿ. ಮನ್ಯಾಗ ಗೊತ್ತಾದ್ರ ಬೀಗದ ಕೈ ಇಸಗೊಂಡು ಮೂಲ್ಯಾಗ ಕುಂದರಸ್ತಾರಂತ ಅಂಜತಾರ್ರಿ. ಆಟ ಒಂದ ಅವರಿಗೆ ಜೀವ. ಅದಕ್ಕ ಸುಳ್ಳ ನೇಮ ಮಾಡಿದ್ನಿ."

"ಊರಾಗ ಅವರನ್ನ ಕಳ್ಳಿ ಅನ್ನಾಕತ್ತಾರ, ನೀಲವ್ವ" ಎಂದೆ. ನಡೆದದ್ದನ್ನೆಲ್ಲ ಹೇಳಿದೆ.

ಅವಳು ಅಲ್ಲೇ ನಿಂತಳು. ಕಣ್ಣು ತುಂಬಿದವು. "ಕುರುಡಿ ಅನ್ನಿಸಿಕೊಳ್ಳೂದಕಿಂತ ಕಳ್ಳಿ ಅನ್ನಿಸಿಕೊಳ್ಳೂದು ಬೇಸಂತ ಅನಿಸಿರಬೇಕ್ರಿ ನಮ್ಮ ಅತ್ತ್ಯಾರಿಗೆ" ಎಂದಳು. ತವರಿನಲ್ಲಿ ಅವಳು ಇರಬೇಕಾದ ದಿನ ಇನ್ನೂ ನಾಲ್ಕು ಉಳಿದಿದ್ದವು. ಆದರೂ ಅವಳು ಅಂದೇ ನನ್ನ ಜತೆ, ಮಾವಿನ ಸಸಿಗಳ ನಡುವೆ ಕುಳಿತು, ಗಂಡನ ಮನೆಗೆ ಹೊರಟಳು.

ಮರುದಿನ ಅವಳೇ ನನ್ನನ್ನು ಕರೆದೊಯ್ದಳು. ಗೌಡಸಾನಿ ಒಳಕೋಣೆಯಲ್ಲಿ ಮಂಚದ ಮೇಲೆ ಕುಳಿತಿದ್ದಳು. ನೀಲವ್ವ ಕೆಳಗೆ ಕುಳಿತು ಒಂದೇ ಉಸಿರಿಗೆ ಹೇಳಿದಳು: "ಅತ್ತಿ, ಹಾನಗಲ್ಲಾಗ ಎಲಿ ಹೆಸರ ಹೇಳೂ ನೇಮ ಇಲ್ರಿ. ನಾ ಸುಳ್ಳ ಹೇಳೇನಿ."

ಮುದುಕಿ ಸೊಂಟದ ಬೀಗದ ಕೈಗಳನ್ನು ಒಂದೊಂದಾಗಿ ಬೆರಳಲ್ಲಿ ಸರಿಸಿದಳು. ಹೊರಗೆ ದನದ ಗಂಟೆ ಕೇಳುತ್ತಿತ್ತು.

"ಗೊತ್ತೈತಿ" ಎಂದಳು. "ಹಾನಗಲ್ಲಿಂದ ಈ ಊರಿಗೆ ಬಂದ ಮೊದಲನೇ ಸೊಸಿ ನೀನ ಏನು? ನಿಮ್ಮತ್ತಿ ಕುರುಡಿ ಅದಾಳ, ಮಬ್ಬ ಅಲ್ಲ."

ನೀಲವ್ವ ಅಳುತ್ತ ನಕ್ಕಳು. ಆಗ ನಾನು ಹುಬ್ಬಳ್ಳಿಯ ದವಾಖಾನೆಯ ಮಾತು ತೆಗೆದೆ. ಪೊರೆ ತೆಗೆಯುತ್ತಾರೆ, ನಮ್ಮ ತರಬೇತಿಯ ಬ್ಯಾಚಿನ ಒಬ್ಬಳ ಅಜ್ಜಿಗೆ ತೆಗೆದಿದ್ದಾರೆ ಎಂದೆ. ಗೌಡಸಾನಿ ಕೈ ಅಡ್ಡ ಮಾಡಿದಳು. ಅವಳ ಅಣ್ಣನಿಗೂ ಹೀಗೇ ಆಗಿತ್ತಂತೆ. ಸವಣೂರಿನ ಸಂತೆಗೆ ಬಂದ ಯಾರೋ ಒಬ್ಬ ಸೂಜಿಯಿಂದ ಪೊರೆ ಸರಿಸುತ್ತೇನೆಂದು ಕಣ್ಣಿಗೆ ಚುಚ್ಚಿದನಂತೆ. ಎರಡು ದಿನ ಕಂಡಂತಾಗಿ, ಮೂರನೆಯ ದಿನ ಕಣ್ಣೇ ಹೋಯಿತಂತೆ. "ಅವ ಒದರಿದ್ದು ಇನ್ನೂ ನನ್ನ ಕಿವ್ಯಾಗ ಐತಿ. ಇದ್ದಷ್ಟು ಬೆಳಕು ಸಾಕು ನನಗ."

"ನಾ ಬರ್ತೇನಿ ಜೋಡಿ" ಎಂದಳು ನೀಲವ್ವ. "ನಿಮ್ಮ ಮಗನಿಗೆ ನಾನ ಹೇಳ್ತೇನಿ. ಬೀಗದ ಕೈ ನಿಮ್ಮ ಸೊಂಟಕ್ಕ ಇರಲಿ, ದವಾಖಾನಿಗೂ ತಗೊಂಡ ಬರ್ರಿ."

ಮೂರು ವರ್ಷ ಬಾಯಿ ತೆರೆಯದ ಸೊಸೆ ಅಷ್ಟು ಮಾತಾಡಿದ್ದೇ ಗೌಡಸಾನಿಯನ್ನು ಅರ್ಧ ಒಪ್ಪಿಸಿತೆಂದು ನನ್ನ ನಂಬಿಕೆ. ಗೌಡರು ಮಾತ್ರ ತಾಯಿಯ ಕಣ್ಣಿನ ಸಂಗತಿ ಕೇಳಿ ದಿಗ್ಭ್ರಮೆಗೊಂಡರು. ದಿನಾ ಎದುರಿಗೆ ಕುಳಿತು ಉಣ್ಣುತ್ತಿದ್ದ ಮನುಷ್ಯ.

ಆಗೆಲ್ಲ ಕಣ್ಣಿನ ಪೊರೆ ತೆಗೆಸಲು ಚಳಿಗಾಲ ಬರಲಿ ಎಂದು ಕಾಯುತ್ತಿದ್ದರು. ದೀಪಾವಳಿ ಮುಗಿದ ಮೇಲೆ ಯಲವಿಗಿಯಲ್ಲಿ ರೈಲು ಹತ್ತಿದೆವು. ಒಂದು ಕಣ್ಣು ಕೊಯ್ದ ಮೇಲೆ ಎರಡಕ್ಕೂ ಪಟ್ಟಿ ಕಟ್ಟಿ, ತಲೆಯ ಎರಡೂ ಬದಿ ಉಸುಕಿನ ಚೀಲವಿಟ್ಟು, ಅಲುಗಾಡದಂತೆ ದಿನಗಟ್ಟಲೆ ಮಲಗಿಸಿದರು. ನಾನು ಎರಡು ದಿನ ರಜೆ ಮುಗಿಸಿ ಹಿಂದಿರುಗಿ, ಆರನೆಯ ದಿನ ಮತ್ತೆ ಹೋದಾಗ ವಾರ್ಡಿನಲ್ಲಿ ಒಂದು ವಿಚಿತ್ರ ಕಂಡೆ. ಮಂಚದ ಪಕ್ಕ ನೆಲದ ಮೇಲೆ ನೀಲವ್ವ ಮತ್ತು ಇನ್ನಿಬ್ಬರು ರೋಗಿಗಳ ಮನೆಯವರು ಎಲೆ ಹಿಡಿದು ಕುಳಿತಿದ್ದಾರೆ. ನಾಲ್ಕನೆಯ ಕೈ ಗೌಡಸಾನಿಯದು. ನೀಲವ್ವ ಆ ಎಲೆಗಳನ್ನು ತಾನು ನೋಡದಂತೆ ಬೋರಲು ಇಟ್ಟಿದ್ದಳು. ಆಟದಲ್ಲಿಲ್ಲದ ಒಬ್ಬ ಹುಡುಗಿ ಅವನ್ನು ಮುದುಕಿಯ ಕಿವಿಯಲ್ಲಿ ಒಮ್ಮೆ ಹೇಳಿದ್ದಳು, ಮುದುಕಿ ಕೇಳಿದ ಎಲೆಯನ್ನು ತೆಗೆದು ಇಳಿಸುವವಳೂ ಅವಳೇ. ಕಣ್ಣು ಕಟ್ಟಿಸಿಕೊಂಡು, ತಲೆ ಅಲುಗಿಸದೆ, ಹದಿಮೂರು ಎಲೆಗಳನ್ನೂ ನೆನಪಿನಲ್ಲಿಟ್ಟುಕೊಂಡು ಅವಳು ಮಲಗಿದಲ್ಲಿಂದಲೇ ಆಡುತ್ತಿದ್ದಳು: "ನಂದು ಕಿಲಾವರಿನ ರಾಣಿ." ಎದುರಾಳಿಗಳು ಗದಗಿನ ಕಡೆಯವರು. ಅವರಲ್ಲಿ ದುಗ್ಗಿಗಳನ್ನೆಲ್ಲ ತೆಗೆದುಹಾಕಿ ಆಡುತ್ತಾರಂತೆ. ನಾನು ಅದನ್ನೂ ವಹಿಯಲ್ಲಿ ಬರೆದುಕೊಂಡೆ. ನರ್ಸು ಬಂದು ಬೈದಾಗ ಎಲ್ಲರಿಗಿಂತ ಮೊದಲು ನಿದ್ದೆಯ ಗೊರಕೆ ಹೊಡೆದವಳು ಗೌಡಸಾನಿ.

ಕನ್ನಡಕ ಬರಲು ಇನ್ನೊಂದು ತಿಂಗಳು ಹಿಡಿಯಿತು. ದಪ್ಪ ಗಾಜಿನದು, ಒಂದು ಕಣ್ಣಿಗೆ ಮಾತ್ರ ಕೆಲಸದ್ದು. ಅವಳು ಅದನ್ನು ಹಾಕಿಕೊಂಡು ಪಡಸಾಲೆಗೆ ಬಂದ ಸೋಮವಾರ ಎಳ್ಳಮಾವಾಸ್ಯೆ ಹತ್ತಿರದಲ್ಲಿತ್ತು. ಹಿತ್ತಿಲಲ್ಲಿ ತಿಳಿ ಬಿಸಿಲು. ಶಂಕ್ರವ್ವ ಮೊದಲೇ ಬಂದು ಬಾಗಿಲ ಹತ್ತಿರ ನಿಂತಿದ್ದಳು. ಊರೆಲ್ಲ ತಿರುಗಿ ತನ್ನ ಮಾತನ್ನು ತಾನೇ ಅಳಿಸಿ ಬಂದಿದ್ದಳು, ಆದರೂ ಒಳಗೆ ಕಾಲಿಡಲು ಅಂಜಿಕೆ. "ನಾ ಅಂದದ್ದು ತಪ್ಪಾತ್ರಿ" ಎಂದಳು.

"ತಪ್ಪೇನೈತಿ? ಚೌಕಟ್ ಇಟಗೊಂಡ ಕಡದೇನಿ, ಅದು ಖರೇನ. ಆ ಮೆಂಡಿ ನಿಂದು, ತಗೋ. ಬಂದು ಕುಂದರು" ಎಂದಳು ಗೌಡಸಾನಿ.

ಆಮೇಲೆ ಅವಳು ಎದುರಿಗೆ ಕುಳಿತ ಸೊಸೆಯ ಕಡೆ ತಿರುಗಿದಳು. ನೋಡಿದಳು. ಎದ್ದು ಹತ್ತಿರ ಹೋಗಿ, ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಮತ್ತೆ ನೋಡಿದಳು. ನೀಲವ್ವ ನಾಚಿ ಕಣ್ಣು ಮುಚ್ಚಿದಳು.

"ಹುಬ್ಬಿನ ಮ್ಯಾಲ ಇದೇನ ಕಲಿ?"

"ಸಣ್ಣಾಕಿದ್ದಾಗ ಮಾವಿನ ಗಿಡದಿಂದ ಬಿದ್ದಿದ್ನಿರಿ."

"ಮೂರೂವರಿ ವರ್ಷ ಆತು ನೀ ನನ್ನ ಮನಿಗೆ ಬಂದು" ಎಂದಳು ಮುದುಕಿ. "ಮದುವ್ಯಾಗ ಕಂಡದ್ದು ಬರೇ ಸೀರಿ ಬಣ್ಣ. ನಿನ್ನ ಮಾರಿ ಇವತ್ತ ನೋಡಾಕತ್ತೇನಿ ನೋಡವಾ."

ಗೌಡಸಾನಿ ತನ್ನ ಜಾಗಕ್ಕೆ ಬಂದು ಕುಳಿತು, ಸೆರಗಿನಿಂದ ಕನ್ನಡಕ ಒರೆಸಿ, ಮತ್ತೆ ಹಾಕಿಕೊಂಡಳು.

"ನನ್ನ ಎದುರಿಗಿಂದ ಏಳು" ಎಂದಳು ನೀಲವ್ವನಿಗೆ. "ಅಕ್ಕಾರ ನನ್ನ ಕಡೆ ಬರ್ರಿ. ಇಷ್ಟ ದಿನ ಇಕಿ ನನ್ನ ಕಣ್ಣಾಗಿದ್ಲು. ಇವತ್ತ ವೈರಿಯಾಗಿ ಆಡ್ಲಿ, ಹೆಂಗ ಆಡ್ತಾಳ ನೋಡೂಣು."

ನಾನೇ ಎಲೆ ಹಂಚಿದೆ. ಮೊದಲ ಆಟಕ್ಕೇ ನೀಲವ್ವ ಅತ್ತೆಯ ಎಕ್ಕವನ್ನು ಹುಕುಮಿನ ನಾಲ್ಕರಿಂದ ಕಡಿದಳು, ನಾಲ್ಕು ಮೆಂಡಿಗಳನ್ನೂ ತನ್ನ ಮಡಿಲಿಗೆ ಎಳೆದುಕೊಂಡಳು, ಕೋಟ್ ಎಂದು ಕೂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೌಡಸಾನಿ ಕೌದಿಯ ಮೇಲಿನ ಎಲೆಗಳನ್ನು ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ, ಒಂದೊಂದಾಗಿ ನೋಡುತ್ತ ಕೂಡಿಸಿ, ಕಲಸಿ, ಸೊಸೆಯ ಕೈಗೆ ಕೊಟ್ಟಳು.

"ಇನ್ನೊಂದಾಟ ಹಾಕು."